ಅಪ್ಪನ ಟೇಪು, ಅಮ್ಮನ ಮೊಬೈಲು

ನಾನಿರೋದು ಹೈದರಾಬಾದಿನ ಗಚ್ಚಿಬೌಲಿಯಲ್ಲಿ. ಅಪ್ಪನ ವರ್ಷಾಬ್ದಿಕಕ್ಕೆ ಒಂದು ವಿಡಿಯೋ ಎಡಿಟ್ ಮಾಡಿದೆ. ಅಪ್ಪ ಇದ್ದದ್ದು 2003ರ ಮಿನಿ ಡಿವಿ ಟೇಪಿನಲ್ಲಿ: 720×576, ಸೆಕೆಂಡಿಗೆ 25 ಫ್ರೇಮ್. ಅಮ್ಮ ಮಾತಾಡಿದ್ದು ಮೊಬೈಲಿನಲ್ಲಿ: 1920×1080, 30 ಫ್ರೇಮ್.

ಮೊದಲು ಟೈಮ್‌ಲೈನ್ 30 ಇಟ್ಟೆ. ಸೆಕೆಂಡಿಗೆ 5 ಫ್ರೇಮ್ ಎರಡೆರಡು ಸಲ ಬಂದು ಅಪ್ಪನ ನಡಿಗೆ ತಡವರಿಸಿತು. ಪರದೆ ತುಂಬಲಿ ಅಂತ ಅಗಲಕ್ಕೆ ಎಳೆದೆ, ಮುಖ ಊದಿಕೊಂಡಿತು. "ಇದ್ಯಾರೋ? ನಿಮ್ಮಪ್ಪ ಹೀಗಿರ್ಲಿಲ್ಲ" ಅಂದ್ರು ಅಮ್ಮ.

ಮತ್ತೆ ಶುರು ಮಾಡಿದೆ. ಟೈಮ್‌ಲೈನ್ 25. ಟೇಪನ್ನು ಡೀಇಂಟರ್ಲೇಸ್ ಮಾಡಿ, 4:3 ಹಾಗೇ ಉಳಿಸಿ, ಎರಡೂ ಪಕ್ಕ ಕಪ್ಪು ಬಿಟ್ಟೆ. ಮೊಬೈಲಿನ ಫ್ರೇಮ್ ರೇಟ್ ಏರಿಳಿಯುತ್ತೆ. ಅದನ್ನು ಎಫ್‌ಎಫ್‌ಎಂಪೆಗ್‌ನಲ್ಲಿ ಮೊದಲೇ ಸ್ಥಿರ 25ಕ್ಕೆ ತಂದೆ.

ಈಗ ಅಮ್ಮ ಕೈಯಾಡಿಸುವಾಗ ಸ್ವಲ್ಪ ಜರ್ಕ್ ಆಗುತ್ತೆ. ಆಗಲಿ, ಅಮ್ಮನ ವಿಡಿಯೋ ಇನ್ನೊಮ್ಮೆ ತೆಗೀಬಹುದು. ಮತ್ತೆ ತೆಗೆಯೋಕೆ ಆಗದ ಫುಟೇಜ್ ಯಾವುದೋ, ಟೈಮ್‌ಲೈನ್ ಅದರದ್ದೇ ಇರಲಿ.