ಕೌದಿಯ ನಾಲ್ಕು ಹೂಗಳು

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳ ಅರಣ್ಯಪ್ರಾಂತದಲ್ಲಿ ನೆಲೆಸಿರುವ, ಆಫ್ರಿಕ ಮೂಲದ ಸಿದ್ದಿ ಸಮುದಾಯದ ಸ್ತ್ರೀಯರು, ಉಟ್ಟು ಸವೆದ ಸೀರೆ, ಹರಿದ ಅಂಗಿಗಳ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಆರಂಭಿಸಿ ಸುತ್ತುಸುತ್ತಾಗಿ ನಡುವಿನೆಡೆಗೆ ಹೊಲಿಯುತ್ತ, ಮಕ್ಕಳು ಮೊಮ್ಮಕ್ಕಳಿಗಾಗಿ ಕೌದಿಯನ್ನು ನಿರ್ಮಿಸುವರು. ಹೊಲಿಗೆ ಮಧ್ಯಭಾಗವನ್ನು ಸೇರಿದ ಮಾತ್ರಕ್ಕೆ ಕಾರ್ಯವು ಸಮಾಪ್ತವಾಯಿತೆಂದು ಅವರು ಬಗೆಯರು. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಹೂಗಳನ್ನು ಹೊಲಿದ ಹೊರತು ಕೌದಿ ನಗ್ನವೇ ಎಂಬುದು ಅವರ ಭಾವನೆ. ಚಳಿಯನ್ನು ತಡೆಯಲು ಆ ಹೂಗಳು ಅನವಶ್ಯಕ. ಹೊದೆಯುವವರ ಮೇಲಣ ಪ್ರೀತಿಗೆ ಅವು ಅತ್ಯವಶ್ಯಕ. ನಾವೂ ದೀನರಿಗೆ ವಸ್ತ್ರದಾನ ಮಾಡುವಾಗ, ಬೇಡವಾದುದನ್ನು ಬಿಸುಡುವ ಭಾವವನ್ನು ತೊರೆದು, ಒಗೆದು, ಹರಿದೆಡೆಯನ್ನು ಹೊಲಿದು, ಮನೆಯ ಮಗುವಿಗೆ ಕೊಡುವಷ್ಟೇ ಆದರದಿಂದ ಕೊಡೋಣ. ಕೈಗೊಂಡುದನ್ನು ಪೂರ್ಣಗೊಳಿಸಿ ಕೊಡುವುದೇ ಪಡೆಯುವವರಿಗೆ ನಾವು ಸಲ್ಲಿಸಬಹುದಾದ ಗೌರವ.