ನಿಠಾರಿಯ ಮಕ್ಕಳು ಮತ್ತು ಲೋಕದ ಊಹೆಗಳು



2025ರ ನವೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಸುರೇಂದ್ರ ಕೋಲಿ ಎಂಬಾತನನ್ನು ಅವನ ಮೇಲೆ ಉಳಿದಿದ್ದ ಕಟ್ಟಕಡೆಯ ಕೊಲೆ ಪ್ರಕರಣದಿಂದಲೂ ಬಿಡುಗಡೆ ಮಾಡಿತು. ಅವನ ಯಜಮಾನನಾಗಿದ್ದ ಮೋನಿಂದರ್ ಸಿಂಗ್ ಪಂಧೇರ್ ಅದಕ್ಕೆ ಎರಡು ವರ್ಷ ಮೊದಲೇ ಬಿಡುಗಡೆಯಾಗಿದ್ದ. ಅಲ್ಲಿಗೆ ನಿಠಾರಿಯ ಮಕ್ಕಳ ಸಾವಿಗೆ ಕಾನೂನಿನ ಕಣ್ಣಿನಲ್ಲಿ ಹೊಣೆಗಾರರೆನಿಸಿದವರು ಒಬ್ಬರೂ ಉಳಿಯಲಿಲ್ಲ. ಮಕ್ಕಳು ಸತ್ತದ್ದು ನಿಜ, ಎಲುಬುಗಳು ದೊರೆತದ್ದು ನಿಜ. ಕೊಂದವರಾರೆಂಬುದು ಮಾತ್ರ ತಿಳಿಯದು. ಇಡೀ ದೇಶವೇ ಉತ್ತರ ಗೊತ್ತಿದೆಯೆಂದು ಹತ್ತೊಂಬತ್ತು ವರ್ಷ ನಂಬಿದ್ದ ಪ್ರಶ್ನೆಯಿದು.

ದೆಹಲಿ, ನೋಯ್ಡಾಗಳಲ್ಲಿ ನೆಲೆಸಿದ ಕನ್ನಡಿಗರಿಗೆ ನಿಠಾರಿ ದೂರದ ಹೆಸರಲ್ಲ. ನಗರ ಬೆಳೆಯುತ್ತ ಬಂದು ಸುತ್ತುವರಿದ ಹಳ್ಳಿ ಅದು. ಮಗ್ಗುಲಲ್ಲೇ ಸೆಕ್ಟರ್ 31ರ ಬಂಗಲೆಗಳ ಸಾಲು. ಬಂಗಾಳ, ಬಿಹಾರ, ಉತ್ತರ ಪ್ರದೇಶಗಳ ಹಳ್ಳಿಗಳಿಂದ ಹೊಟ್ಟೆಪಾಡಿಗಾಗಿ ಬಂದವರು ಅಲ್ಲಿ ಬಾಡಿಗೆಯ ಕೋಣೆಗಳಲ್ಲಿ ವಾಸವಾಗಿದ್ದರು. ಹೆಂಗಸರು ಬಂಗಲೆಗಳಲ್ಲಿ ಪಾತ್ರೆ ಬೆಳಗುವವರು, ಗಂಡಸರು ರಿಕ್ಷಾ ತುಳಿಯುವವರು, ಕೂಲಿಗೆ ಹೋಗುವವರು. 2005 ಮತ್ತು 2006ರಲ್ಲಿ ಈ ಮನೆಗಳ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗತೊಡಗಿದರು. ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಆ ತಂದೆತಾಯಿಗಳು ಠಾಣೆಗೆ ಹೋಗಲಿಲ್ಲವೆ? ಹೋದರು. ಹೋದವರಿಗೆ ದೊರೆತದ್ದು ಒಂದು ಊಹೆ: ಹುಡುಗಿ ಯಾರ ಜೊತೆಗೋ ಓಡಿಹೋಗಿರಬೇಕು, ತಾನಾಗಿಯೇ ಬರುತ್ತಾಳೆ, ನೀವೇ ಹುಡುಕಿಕೊಳ್ಳಿ. ಎಷ್ಟೋ ದೂರುಗಳು ಪ್ರಥಮ ವರ್ತಮಾನ ವರದಿಯಾಗಿ ದಾಖಲಾಗಲೇ ಇಲ್ಲ. ಹತ್ತು ವರ್ಷದ ಕೂಸು ಯಾರ ಜೊತೆ ಓಡಿಹೋದೀತೆಂದು ಕೇಳುವವರಿರಲಿಲ್ಲ. ನಿಠಾರಿಯ ಕುರಿತ ಊಹಾಪೋಹಗಳೆಂದರೆ ಎಲ್ಲರಿಗೂ ದೂರದರ್ಶನದ ಗದ್ದಲ ನೆನಪಾಗುತ್ತದೆ. ಆದರೆ ಮೊದಲ ಊಹೆ ಹುಟ್ಟಿದ್ದು ಠಾಣೆಯಲ್ಲಿ. ಬಡವರ ಹೆಣ್ಣುಮಗುವಿನ ಕುರಿತು ಸಮಾಜದಲ್ಲಿ ಹಳೆಯದಾಗಿ ಬೇರೂರಿದ್ದ ತಾತ್ಸಾರವೇ ಅಲ್ಲಿ ಅಧಿಕಾರಿಯ ಬಾಯಿಂದ ನುಡಿಯಿತು. ಮಿಕ್ಕ ಊಹೆಗಳು ಆಮೇಲೆ ಬಂದವು; ಮಗುವಿನ ಪ್ರಾಣಕ್ಕೆ ಎರವಾದದ್ದು ಈ ಮೊದಲನೆಯದು.

ಅದೇ ನೋಯ್ಡಾದಲ್ಲಿ, 2006ರ ನವೆಂಬರಿನಲ್ಲಿ, ದೊಡ್ಡ ಸಾಫ್ಟ್‌ವೇರ್ ಸಂಸ್ಥೆಯೊಂದರ ಮುಖ್ಯಸ್ಥರ ಮೂರು ವರ್ಷದ ಮಗನ ಅಪಹರಣವಾಯಿತು. ಸರ್ಕಾರ ಎಚ್ಚೆತ್ತಿತು, ಪೊಲೀಸ್ ಪಡೆ ಹಗಲಿರುಳು ದುಡಿಯಿತು, ಪತ್ರಿಕೆಗಳು ಮೊದಲ ಪುಟ ಮೀಸಲಿಟ್ಟವು. ಮಗು ಕೆಲವೇ ದಿನಗಳಲ್ಲಿ ಸುರಕ್ಷಿತವಾಗಿ ಮನೆ ಸೇರಿತು. ಆ ಮಗು ಮರಳಿದ್ದಕ್ಕೆ ಸಂತೋಷಪಡದವರಾರು? ಆದರೆ ಮಗುವನ್ನು ಹುಡುಕುವುದು ಹೇಗೆಂಬುದು ಆ ನಗರದ ಪೊಲೀಸರಿಗೆ ಚೆನ್ನಾಗಿ ಗೊತ್ತಿತ್ತೆಂಬುದೂ ಅದರಿಂದ ಸ್ಪಷ್ಟವಾಯಿತು.

ನಿಠಾರಿಯ ಸಂಗತಿ ಹೊರಬಿದ್ದದ್ದು ಪೊಲೀಸರ ಆಸಕ್ತಿಯಿಂದಲ್ಲ. ಕಾಣೆಯಾದ ಯುವತಿಯೊಬ್ಬಳ ತಂದೆ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ ತನಿಖೆ ಚುರುಕಾಯಿತು. ಆಕೆಯ ಮೊಬೈಲ್ ಫೋನಿನ ಜಾಡು ಡಿ-5 ಎಂಬ ಬಂಗಲೆಯತ್ತ ಕೊಂಡೊಯ್ಯಿತು. ಡಿಸೆಂಬರ್ 29ರಂದು ಬಂಗಲೆಯ ಹಿಂದಿನ ಚರಂಡಿಯಲ್ಲಿ ತಲೆಬುರುಡೆಗಳೂ ಎಲುಬುಗಳೂ ಸಿಕ್ಕವು. ಊರವರು ರೊಚ್ಚಿಗೆದ್ದರು. ಕೆಲವು ಪೊಲೀಸರು ವಜಾಗೊಂಡರು, ಹಿರಿಯ ಅಧಿಕಾರಿಗಳು ಅಮಾನತುಗೊಂಡರು. 2007ರ ಜನವರಿಯಲ್ಲಿ ತನಿಖೆ ಸಿಬಿಐ ಕೈಸೇರಿತು.

ಅಲ್ಲಿಂದ ಮುಂದೆ ಊಹೆಗಳ ಸುರಿಮಳೆ. ಅಂಗಾಂಗಗಳ ವ್ಯಾಪಾರ ಎಂದರು, ಮಾಟಮಂತ್ರ ಎಂದರು, ಅಶ್ಲೀಲ ಚಿತ್ರಗಳ ಜಾಲ ಎಂದರು. ಕೊನೆಗೆ ನರಭಕ್ಷಣೆಯ ಕಥೆ ಉಳಿದೆಲ್ಲವನ್ನೂ ನುಂಗಿತು. ಆರೋಪಿಗಳನ್ನು ಗಾಂಧಿನಗರಕ್ಕೆ ಕೊಂಡೊಯ್ದು ಮಂಪರು ಪರೀಕ್ಷೆಗೆ ಒಳಪಡಿಸಿದಾಗ, ಅಲ್ಲಿ ಆಡಿದರೆನ್ನಲಾದ ಮಾತುಗಳು ವಾರಗಟ್ಟಲೆ ಸುದ್ದಿಯಾಗಿ ಹರಿದವು. ಗಾಜಿಯಾಬಾದಿನ ನ್ಯಾಯಾಲಯದ ಆವರಣದಲ್ಲೇ ಅವರ ಮೇಲೆ ಹಲ್ಲೆ ನಡೆಯಿತು. ಹಲ್ಲೆಗೈದವರಲ್ಲಿ ಕರಿಕೋಟಿನವರೂ ಇದ್ದರು. ಮೂರು ವರ್ಷಗಳ ತರುವಾಯ, ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ನಡೆಸುವ ಮಂಪರು ಪರೀಕ್ಷೆ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅಷ್ಟು ಹೊತ್ತಿಗೆ ಜನರ ಮನಸ್ಸಿನಲ್ಲಿ ನಿಠಾರಿಯ ತೀರ್ಪು ಬರೆದಾಗಿತ್ತು.

ಕಥೆ ಅಷ್ಟು ಸಂಪೂರ್ಣವಾಗಿ ಸಿಕ್ಕಿಬಿಟ್ಟಾಗ ಸಾಕ್ಷ್ಯವನ್ನು ಹುಡುಕುವವರಾರು? ಕೋಲಿಯ ತಪ್ಪೊಪ್ಪಿಗೆಯೇ ಮೊಕದ್ದಮೆಯ ಬೆನ್ನೆಲುಬಾಯಿತು. ಅದು ದಾಖಲಾದದ್ದು ಸುಮಾರು ಅರವತ್ತು ದಿನಗಳ ಪೊಲೀಸ್ ವಶದ ನಂತರ. ನಡುವೆ ಸರಿಯಾದ ವೈದ್ಯಕೀಯ ತಪಾಸಣೆಯಿಲ್ಲ, ಹೆಸರಿಗೆ ತಕ್ಕ ಕಾನೂನು ನೆರವಿಲ್ಲ. ಎಲುಬುಗಳು ಸಿಕ್ಕಿದ್ದು ಮನೆಯ ಹೊರಗೆ, ಯಾರೂ ಹೋಗಬಹುದಾದ ತೆರೆದ ಜಾಗದಲ್ಲಿ. ಅಷ್ಟೊಂದು ಕೊಲೆಗಳು ನಡೆದುವೆಂದ ಮನೆಯೊಳಗೆ ಅದಕ್ಕೆ ತಕ್ಕ ರಕ್ತದ ಕುರುಹು ದೊರೆಯಲಿಲ್ಲ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವೇ ರಚಿಸಿದ ಸಮಿತಿಯು ಅಂಗಾಂಗ ವ್ಯಾಪಾರದ ಸಾಧ್ಯತೆಯನ್ನು ಪರಿಶೀಲಿಸಬೇಕೆಂದಿತ್ತು. ತನಿಖೆಗಾರರು ಆ ಕಡೆ ಗಂಭೀರವಾಗಿ ಹೊರಳಲಿಲ್ಲವೆಂದು ಅಲಹಾಬಾದ್ ಉಚ್ಚ ನ್ಯಾಯಾಲಯ 2023ರ ಅಕ್ಟೋಬರಿನಲ್ಲಿ ಕಟುವಾಗಿ ಹೇಳಿತು. ಆ ಸಾಧ್ಯತೆಯೇ ಸತ್ಯವೆಂದು ಇದರ ಅರ್ಥವಲ್ಲ. ಪರೀಕ್ಷಿಸಿ ಒಪ್ಪುವುದೋ ತಳ್ಳುವುದೋ ಆಗಬೇಕಿತ್ತು, ಅದು ಆಗಲಿಲ್ಲ. ಬಡ ಮನೆಯಾಳನ್ನು ರಾಕ್ಷಸನನ್ನಾಗಿ ಚಿತ್ರಿಸುವ ಸುಲಭದ ದಾರಿಯನ್ನು ತನಿಖೆ ಹಿಡಿಯಿತೆಂಬುದು ಆ ನ್ಯಾಯಾಲಯದ ಅಭಿಪ್ರಾಯ.

ಈ ಸುಲಭದ ದಾರಿ ಎಷ್ಟು ದೂರ ಸಾಗಿತ್ತೆಂಬುದನ್ನು ತಾವು ಗಮನಿಸಬೇಕು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಕೋಲಿಯ ಮರಣದಂಡನೆಯನ್ನು ಎತ್ತಿಹಿಡಿದಿತ್ತು. 2014ರ ಸೆಪ್ಟೆಂಬರಿನಲ್ಲಿ ಅವನನ್ನು ನೇಣಿಗೇರಿಸಲೆಂದು ಮೀರತ್ ಕಾರಾಗೃಹಕ್ಕೆ ಒಯ್ಯಲಾಗಿತ್ತು. ನಡುರಾತ್ರಿಯಲ್ಲಿ ನ್ಯಾಯಮೂರ್ತಿಗಳ ಮುಂದೆ ಅರ್ಜಿ ಹೋಗಿ ತಡೆಯಾಜ್ಞೆ ದೊರೆಯಿತು. ಮರುವರ್ಷ ಶಿಕ್ಷೆ ಜೀವಾವಧಿಗೆ ಇಳಿಯಿತು. ಮುಂದೆ ಹನ್ನೆರಡು ಪ್ರಕರಣಗಳಲ್ಲಿ ನಂಬಲರ್ಹವಲ್ಲವೆನಿಸಿದ ಅದೇ ಸಾಕ್ಷ್ಯ ಹದಿಮೂರನೆಯದರಲ್ಲಿ ಮಾತ್ರ ನಿಲ್ಲುವುದು ಹೇಗೆಂಬ ಪ್ರಶ್ನೆಗೆ ಉತ್ತರವಿಲ್ಲದೆಯೇ 2025ರ ಬಿಡುಗಡೆಯಾಯಿತು. ಅಂದು ನಡುರಾತ್ರಿಯ ಅರ್ಜಿ ಹೋಗದಿದ್ದರೆ? ನೇಣಿನೊಂದಿಗೆ ಪ್ರಶ್ನೆಯೂ ಮುಗಿದುಹೋಗುತ್ತಿತ್ತು, ಲೋಕ ನೆಮ್ಮದಿಯಾಗಿರುತ್ತಿತ್ತು.

ಲೋಕದ ನೆಮ್ಮದಿ ಇಂದಿಗೂ ಅಷ್ಟೇನೂ ಕದಡಿಲ್ಲವೆನ್ನಿ. ಉಚ್ಚ ನ್ಯಾಯಾಲಯದ ತೀರ್ಪು ಬಂದ ಮರುವರ್ಷ ಈ ಪ್ರಕರಣದಿಂದ ಪ್ರೇರಿತವಾದ ‘ಸೆಕ್ಟರ್ 36’ ಎಂಬ ಹಿಂದಿ ಚಲನಚಿತ್ರ ಮನೆಮನೆಯ ಪರದೆಗಳಿಗೆ ಬಂತು. ಅದರಲ್ಲಿಯೂ ಮನೆಯಾಳೇ ಕೊಲೆಗಡುಕ. ಸಿನಿಮಾಕ್ಕೆ ಅದರ ಸ್ವಾತಂತ್ರ್ಯವಿದೆ, ಸರಿ. ಆದರೆ ಖುಲಾಸೆಯ ಸುದ್ದಿಯನ್ನು ಓದಿದವರೆಷ್ಟು ಮಂದಿ, ಕಥೆಯನ್ನು ಕಂಡವರೆಷ್ಟು ಮಂದಿ?

ಮಕ್ಕಳ ಮೇಲಿನ ಕಾಳಜಿಯ ಹೆಸರಿನಲ್ಲೇ ಊಹೆಯು ನಿರಪರಾಧಿಗಳ ಪ್ರಾಣ ತೆಗೆದದ್ದೂ ಉಂಟು. 2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದಾಗ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಬಂದಿದ್ದ ಯುವಕನೊಬ್ಬನನ್ನು ಬಡಿದು ಕೊಂದರು. ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಅಲೆಮಾರಿ ಸಮುದಾಯದ ಐವರು ಸತ್ತರು. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಶಾಲಾ ಮಕ್ಕಳಿಗೆ ಚಾಕಲೇಟು ಕೊಟ್ಟ ತಪ್ಪಿಗೆ, ಹೈದರಾಬಾದಿನಿಂದ ಬಂದಿದ್ದ ಎಂಜಿನಿಯರೊಬ್ಬ ಗುಂಪಿನ ಕೈಯಲ್ಲಿ ಪ್ರಾಣಬಿಟ್ಟ. ಆ ಸಂದೇಶವನ್ನು ಮುಂದಕ್ಕೆ ಕಳುಹಿಸಿದವರಲ್ಲಿ ಬಹುಮಂದಿ ಸದುದ್ದೇಶದವರೇ, ತಂದೆತಾಯಿಗಳೇ. ಠಾಣೆಗೆ ಒಂದು ಕರೆ ಮಾಡಿ ಕೇಳುವಷ್ಟು ತಾಳ್ಮೆ ಮಾತ್ರ ಅವರಿಗಿರಲಿಲ್ಲ.

ಕಾನೂನು ಇಂದು ಮೊದಲಿನಂತಿಲ್ಲ. 2013ರ ಮೇ 10ರಂದು ಬಚಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವಿತ್ತ ಆದೇಶದಂತೆ, ಮಗು ಕಾಣೆಯಾದ ಪ್ರತಿಯೊಂದು ದೂರನ್ನೂ ಪ್ರಥಮ ವರ್ತಮಾನ ವರದಿಯಾಗಿ ದಾಖಲಿಸಲೇಬೇಕು. ಅಪಹರಣ ಅಥವಾ ಮಾನವ ಸಾಗಣೆ ನಡೆದಿದೆಯೆಂದೇ ಭಾವಿಸಿ ತನಿಖೆ ಆರಂಭಿಸಬೇಕು. ‘ಓಡಿಹೋಗಿರಬೇಕು’ ಎಂಬ ಮಾತಿಗೆ ಅಲ್ಲಿ ಅವಕಾಶವೇ ಇಲ್ಲ. ನಾಲ್ಕು ತಿಂಗಳಾದರೂ ಮಗು ಸಿಗದಿದ್ದರೆ ಪ್ರಕರಣ ಮಾನವ ಸಾಗಣೆ ತಡೆ ಘಟಕಕ್ಕೆ ಹೋಗಬೇಕು. ದೂರು ಯಾವ ಠಾಣೆಯ ವ್ಯಾಪ್ತಿಗೆ ಸೇರಿದ್ದೆಂಬ ನೆಪ ಹೇಳಿ ತಿರುಗಿ ಕಳುಹಿಸುವಂತಿಲ್ಲ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ತೆರೆದಿರುತ್ತದೆ.

ಆದರೆ ಕಾಗದದ ಮೇಲಿನ ಹಕ್ಕನ್ನು ಠಾಣೆಯ ಮೇಜಿನ ಮುಂದೆ ನಿಂತು ಕೇಳಬಲ್ಲವರಾರು? ಪಾತ್ರೆ ತೊಳೆಯುವಾಕೆಗೆ ಭಾಷೆಯ ಅಳುಕು, ಮನೆ ಬಾಡಿಗೆಯ ಅಳುಕು, ಒಂದು ದಿನದ ಕೂಲಿ ತಪ್ಪುವ ಅಳುಕು. ಮುಂಬಯಿ, ಪುಣೆ, ದೆಹಲಿಗಳ ಅಪಾರ್ಟ್‌ಮೆಂಟುಗಳಲ್ಲಿ ಆಕೆ ದಿನವೂ ಯಾರ ಮನೆಯ ಬಾಗಿಲು ತಟ್ಟುತ್ತಾಳೋ ಆ ಮನೆಯವರಿಗೆ ಈ ಅಳುಕುಗಳಿಲ್ಲ. ಆಕೆಯ ಮಗು ಸಂಜೆಯಾದರೂ ಮನೆಗೆ ಬಾರದಿದ್ದಾಗ ಆ ಮನೆಯವರೊಬ್ಬರು ಜೊತೆಯಲ್ಲಿ ಠಾಣೆಗೆ ಹೋಗಬೇಕು. ಮಗುವಿನ ಭಾವಚಿತ್ರ, ತೊಟ್ಟ ಬಟ್ಟೆ, ಕೊನೆಯದಾಗಿ ಕಂಡ ಜಾಗ, ಕಂಡ ಹೊತ್ತು ಇವನ್ನು ಬರೆದುಕೊಟ್ಟು, ದಾಖಲಾದ ವರದಿಯ ಪ್ರತಿಯನ್ನು ಕೈಯಲ್ಲಿ ಹಿಡಿದೇ ಹೊರಬರಬೇಕು. ಆ ಪ್ರತಿಯನ್ನು ಉಚಿತವಾಗಿ ಕೊಡುವುದು ಪೊಲೀಸರ ಕರ್ತವ್ಯ. ನಿಠಾರಿಯಲ್ಲಿ ಮೊದಲ ಮಗು ಕಾಣೆಯಾದ ದಿನ ಅಂತಹ ಒಂದು ಪ್ರತಿ ಇದ್ದಿದ್ದರೆ, ಎರಡನೆಯ ಮಗುವಿನ ತಾಯಿ ಠಾಣೆಗೆ ಬಂದಾಗ ಎರಡು ಹೆಸರುಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಯಾರಿಗಾದರೂ ಸಾಧ್ಯವಾಗುತ್ತಿತ್ತು.