ಮದುವೆಯ ಉಡುಗೊರೆ ಮತ್ತು ಮಗ್ಗದ ಅಳಿವು–ಉಳಿವು
(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಪತ್ತನಾಜೆಗೆ ಮುನ್ನ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಸಭಾಭವನಗಳಲ್ಲಿ ಮದುವೆಗಳ ಸಾಲು. ಉಡುಗೊರೆಯ ಮೇಜಿನ ಮೇಲೆ ಹೊಳೆಯುವ ಪ್ಲಾಸ್ಟಿಕ್ ಹಾಳೆ ಸುತ್ತಿದ ಕಾರ್ಖಾನೆಯ ಸರಕಿನ ರಾಶಿ. ವಧೂವರರಿಗೆ ಕೈಯಿಂದಲೇ ಮಾಡಿದ ವಸ್ತುವೊಂದನ್ನು ಕೊಡಬೇಕೆಂದರೆ ನಮ್ಮ ಸೀಮೆಯಲ್ಲಿ ಈಗ ಏನು ಉಳಿದಿದೆ? ಈ ಪ್ರಶ್ನೆಯನ್ನು ತಮ್ಮ ಮುಂದಿಡಬಯಸುತ್ತೇನೆ.

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪಗಳಲ್ಲಿ ಹೆಂಗಸರು ತಮ್ಮ ನೆಲದ ಕುರಿಯ ನವಿರಾದ ಉಣ್ಣೆಯಿಂದ ಜಾಲರಿಯಂತಹ ಶಾಲುಗಳನ್ನು ಹೆಣೆಯುತ್ತ ಬಂದಿದ್ದಾರೆ. ಮದುವೆಯ ಉಂಗುರದೊಳಗಿಂದ ಇಡೀ ಶಾಲನ್ನೇ ಎಳೆದು ತೆಗೆಯಬಹುದಾದಷ್ಟು ತೆಳುವಾದುದರಿಂದ ಅದಕ್ಕೆ 'ಉಂಗುರದ ಶಾಲು' ಎಂಬ ಹೆಸರು. ಚಳಿಯ ನಾಡಿಗೆ ಉಣ್ಣೆ ಒಪ್ಪುತ್ತದೆ. ಸೆಕೆಯ ನಮ್ಮ ಕರಾವಳಿಗೆ ಒಪ್ಪುವುದು ತೆಳು ಹತ್ತಿ. ಇಲ್ಲಿ ಆ ಶಾಲಿಗೆ ಸರಿದೊರೆಯಾಗಿ ನಿಲ್ಲಬಲ್ಲದ್ದು ಉಡುಪಿ ಸೀರೆ.

ಅವಿಭಜಿತ ದಕ್ಷಿಣ ಕನ್ನಡದ ಪದ್ಮಶಾಲಿಗಳು, ಎಂದರೆ ನಾವೆಲ್ಲ ಬಲ್ಲ ಶೆಟ್ಟಿಗಾರರು, ತಲೆಮಾರುಗಳಿಂದ ನೇಯ್ಗೆಯವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಮುಂದೆ ನೇಯ್ಗೆಯ ಕಾರ್ಖಾನೆಯನ್ನೂ ಸ್ಥಾಪಿಸಿತು. ಆದರೆ ವಿದ್ಯುತ್ ಮಗ್ಗದ ಅಗ್ಗದ ಬಟ್ಟೆಯ ಎದುರು ಕೈಮಗ್ಗಗಳು ಒಂದೊಂದಾಗಿ ಸ್ತಬ್ಧವಾದವು. ಮೂಡುಬಿದಿರೆಗೆ ಸಮೀಪದ ಕಿನ್ನಿಗೋಳಿಯಲ್ಲಿ ತಾಳಿಪಾಡಿ ನೇಕಾರರ ಸಹಕಾರ ಸಂಘವು ಈ ಕಸುಬನ್ನು ಉಳಿಸಿಕೊಂಡಿತು. ಕದಿಕೆ ಟ್ರಸ್ಟ್ ಅದರೊಡನೆ ಕೈಜೋಡಿಸಿ ಉಡುಪಿ ಸೀರೆಗೆ ಮರುಜೀವ ನೀಡಲು ದುಡಿದಿದೆ. ಈ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಇದೆ.

ಒಂದು ಸೀರೆಯಲ್ಲಿ ಅಡಗಿರುವ ದುಡಿಮೆಯನ್ನು ಲೆಕ್ಕ ಹಾಕೋಣ. ಸೀರೆಯ ಉದ್ದ ಐದೂವರೆ ಮೀಟರ್, ಅಂದರೆ ಸುಮಾರು 216 ಅಂಗುಲ. ಅಂಗುಲಕ್ಕೆ 50 ಹೊಕ್ಕಿನ ಎಳೆ ಎಂದು ಹಿಡಿದರೆ ಲಾಳಿ 10,800 ಬಾರಿ ಅತ್ತಿಂದಿತ್ತ ಓಡಬೇಕು. ನೂಲು ಸುತ್ತುವುದು, ಬಣ್ಣ ಕಟ್ಟುವುದು, ಹಾಸಿಗೆ ಗಂಜಿ ಹಚ್ಚುವುದು ಇದರ ಹೊರಗಿನ ಕೆಲಸ. 2019–20ರ ಗಣತಿಯ ಪ್ರಕಾರ ದೇಶದಲ್ಲಿ ಇಂತಹ ದುಡಿಮೆ ಮಾಡುವವರು ಸುಮಾರು 35 ಲಕ್ಷ. ಅವರಲ್ಲಿ ಹೆಚ್ಚಿನವರು ಮಹಿಳೆಯರು.

ಕೃಷಿವಿಜ್ಞಾನದ ವಿದ್ಯಾರ್ಥಿಯಾಗಿ ನನ್ನನ್ನು ಸೆಳೆದದ್ದು ಅದರ ಬಣ್ಣ. ಕಾಯಡಿಕೆಯನ್ನು ಬೇಯಿಸಿದಾಗ ಹಂಡೆಯಲ್ಲಿ ಉಳಿಯುವ ಕೆಂಗಂದು ರಸವೇ ಚೊಗರು. ಅದರಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯ ಹೇರಳವಾಗಿದ್ದು, ಹತ್ತಿಯ ನಾರಿಗೆ ಅಂಟಿಕೊಳ್ಳುತ್ತದೆ. ಪಟಿಕ ಬೆರೆತರೆ ಬಣ್ಣ ನೆಲೆನಿಲ್ಲುತ್ತದೆ. ಕಬ್ಬಿಣದ ಅಂಶ ಬೆರೆತರೆ ಕಪ್ಪಿಗೆ ತಿರುಗುತ್ತದೆ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರೇರಣೆಯಿಂದ 1996ರಲ್ಲಿ ಹುಟ್ಟಿದ 'ಚರಕ' ಮಹಿಳಾ ಸಹಕಾರ ಸಂಘವು ಚೊಗರಿನ ಬಣ್ಣದ ಕೈಮಗ್ಗದ ಬಟ್ಟೆಗೆ ಹೆಸರಾಯಿತು. ಉಡುಪಿ ಸೀರೆಗೂ ಈಗ ಚೊಗರು ಬಣ್ಣ ಕೊಟ್ಟಿದೆ.

ಇಲ್ಲಿ ಉತ್ಪ್ರೇಕ್ಷೆ ಬೇಡ. ನಮ್ಮ ತಾಲ್ಲೂಕುಗಳಲ್ಲಿ ಹಣ್ಣಡಿಕೆಯನ್ನು ಸುಮಾರು 40 ದಿನ ಬಿಸಿಲಿಗೆ ಹರಡಿ ಚಾಲಿ ಮಾಡುತ್ತೇವೆ. ಆದಕಾರಣ ಚೊಗರು ಹೆಚ್ಚಾಗಿ ಘಟ್ಟದ ಮೇಲಿನಿಂದಲೇ ಬರಬೇಕು. ಹತ್ತಿಯೂ ನಮ್ಮಲ್ಲಿ ಬೆಳೆಯದು. ಸಹಜ ಬಣ್ಣಕ್ಕೂ ನೀರು ಬೇಕು, ಸೌದೆ ಬೇಕು. ಹಾಗಿದ್ದರೂ ಈ ಸೀರೆಯ ನೇಯ್ಗೆಗೆ ವಿದ್ಯುತ್ತು ಬೇಡ. ತೋಟದ ಉಳಿಕೆಗೆ ಬೆಲೆ ಬರುತ್ತದೆ. ಹಣದ ಒಂದು ಪಾಲು ಊರಿನ ಕೈಗಳಲ್ಲೇ ಉಳಿಯುತ್ತದೆ.

ಕಸುಬು ಉಳಿಯಬೇಕಾದರೆ ಎಳೆಯರು ಮಗ್ಗಕ್ಕೆ ಬರಬೇಕು. ದಿನದ ಕೂಲಿ ತೋಟದ ಕೂಲಿಗಿಂತ ಕಡಿಮೆಯಾದರೆ ಯಾರು ಬಂದಾರು? ಸನ್ಮಾನ, ಶಾಲು, ಹಾರಗಳಿಂದ ಮಗ್ಗ ನಡೆಯದು. ಬೇಡಿಕೆ ವರ್ಷವಿಡೀ ಇರಬೇಕು, ಬೆಲೆ ನ್ಯಾಯವಾಗಿರಬೇಕು.

ಆದುದರಿಂದ ನನ್ನ ವಿನಂತಿ ಇಷ್ಟೆ. ಮನೆಯಲ್ಲಿ ಮದುವೆ ನಿಶ್ಚಯವಾದ ದಿನವೇ ಮಗ್ಗದವರಿಗೆ ಹೇಳಿಡಿ. ಆಟಿಯ ಮಳೆಯಲ್ಲಿ ಗಂಜಿ ಹಚ್ಚಿದ ನೂಲು ಬೇಗ ಒಣಗದು, ಅವಸರಪಡಿಸಬೇಡಿ. ಚೌಕಾಸಿ ಮಾಡಬೇಡಿ. 2006ರಿಂದ ಜಾರಿಯಲ್ಲಿರುವ ಕೈಮಗ್ಗ ಮುದ್ರೆಯನ್ನು ಗಮನಿಸಿ ಕೊಳ್ಳಿ. ಒಬ್ಬರಿಗೆ ದುಬಾರಿಯಾದರೆ ನಾಲ್ಕು ನೆಂಟರು ಕೂಡಿ ಒಂದನ್ನು ಕೊಡಿ. ವಿದ್ಯಾರ್ಥಿಗಳು ಒಂದು ದಿನವಾದರೂ ಮಗ್ಗದ ಬಳಿ ಕುಳಿತು ಕೆಲಸವನ್ನು ನೋಡಿ ಬನ್ನಿ. ಕಲಿಸುವ ಕೈಗಳು ಇನ್ನೂ ನಮ್ಮ ನಡುವೆ ಇವೆ. ಅವು ದಣಿದು ಕೆಳಗಿಳಿದ ಮೇಲೆ ಎಷ್ಟು ಹಣ ಕೊಟ್ಟರೂ ಈ ಉಡುಗೊರೆ ದೊರೆಯದು.